ವಿಡಿಯೊ ನೋಡಿ ಮಣ್ಣಿನ ಇಟ್ಟಿಗೆ ಕಲಿಯಬಹುದೇ?

ಪ್ರಶ್ನೆ: ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತುವ ಮಣ್ಣಿನ ಇಟ್ಟಿಗೆ ಬಗ್ಗೆ ಆನ್‌ಲೈನ್ ವಿಡಿಯೊ ಪಾಠ ಮಾಡಿದ್ದೇವೆ. ನೋಡಿ ಮಾಡಿದವರ ಇಟ್ಟಿಗೆಗಳ ಅಂಚು ಉದುರುತ್ತಿದೆ, ಕೆಲವು ಬಿರುಕು ಬಿಟ್ಟಿವೆ. ಪಾಠದಲ್ಲಿ ಏನು ತಪ್ಪಿದೆ?

ಉತ್ತರ: ಬಹುಶಃ ನಿಮ್ಮ ವಿಡಿಯೊದಲ್ಲಿ ಯಂತ್ರವೇ ಹೆಚ್ಚು, ಮಣ್ಣು ಕಡಿಮೆ. ಬಿರುಕಿಗೆ ಸಾಮಾನ್ಯ ಕಾರಣ ಜೇಡಿ ಹೆಚ್ಚಾಗಿರುವುದು. ಅದಕ್ಕೆ ಮರಳು ಸೇರಿಸಬೇಕು. ಹಾಗಾಗಿ ಮಣ್ಣಿನಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ತೋರಿಸುವ ಜಾಡಿ ಪರೀಕ್ಷೆಯಿಂದಲೇ ಆರಂಭಿಸಿ. ಗಾಜಿನ ಜಾಡಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದಕ್ಕೆ ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಜೇಡಿಗೆ ಒಂದು ದಿನವಾದರೂ ಬೇಕು. ಇದನ್ನು ಟೈಮ್‌ಲ್ಯಾಪ್ಸ್‌ನಲ್ಲಿ ತೋರಿಸಿ, ಪದರಗಳ ಪಕ್ಕ ಸ್ಕೇಲ್ ಇಡಿ.

ನೀರಿನ ಹದವನ್ನು ಕ್ಯಾಮೆರಾ ಮುಟ್ಟಿ ಹೇಳಲಾರದು. ಕಲಸಿದ ಮಣ್ಣಿನ ಉಂಡೆಯನ್ನು ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ, ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿದರೆ ಹೆಚ್ಚು. ಮೂರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಿ. ಕೆಟ್ಟ ಉಂಡೆ ತೋರಿಸದ ಪಾಠ ಅರ್ಧ ಪಾಠವೇ!

ಅಂಚು ಉದುರುವುದು ಒಣ ಮಿಶ್ರಣದಿಂದ, ಇಲ್ಲವೇ ಕ್ಯೂರಿಂಗ್ (ಸಿಮೆಂಟು ಗಟ್ಟಿಯಾಗಲು ತೇವದಲ್ಲಿಡುವುದು) ಕೊರತೆಯಿಂದ. ಸಿಮೆಂಟು ಸಾಮಾನ್ಯವಾಗಿ ಒಣಮಣ್ಣಿನ ತೂಕದ ಶೇ 5ರಿಂದ 8. ನೀರು ಬಿದ್ದ ಮೇಲೆ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಪರದೆಯ ಮೂಲೆಯಲ್ಲಿ ಗಡಿಯಾರ ಓಡಲಿ. ಆಮೇಲೆ ನೆರಳಲ್ಲಿ 28 ದಿನ ತೇವ ಆರದಂತೆ ಮುಚ್ಚಿಡಬೇಕು. ವಿಡಿಯೊ ಸಂಕಲನದಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಹಿನ್ನೆಲೆ ಸಂಗೀತ ತೆಗೆದುಬಿಡಿ. ಒಂದೊಂದು ಹಂತಕ್ಕೆ ಮೂರ್ನಾಲ್ಕು ನಿಮಿಷದ ಪ್ರತ್ಯೇಕ ತುಣುಕಿರಲಿ, ಮೊಬೈಲ್‌ಗೆ ಇಳಿಸಿಕೊಳ್ಳುವಂತಿರಲಿ: ಕೆಲಸದ ಜಾಗದಲ್ಲಿ ನೆಟ್‌ವರ್ಕ್ ಇರುತ್ತದೆಂಬ ನಂಬಿಕೆ ಬೇಡ.