ನಾಲ್ಕಡಿ ಎತ್ತರದ ಕಪಾಟು, ಎರಡೂವರೆ ಅಡಿಯ ಹಲಗೆ

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಪ್ರೌಢಶಾಲಾ ಶಿಕ್ಷಕ. ಇನ್ನೂರರಷ್ಟು ಪುಸ್ತಕಗಳು ಟ್ರಂಕಿನಲ್ಲೇ ಉಳಿದಿವೆ. ಅವಕ್ಕೊಂದು ಕಪಾಟನ್ನು ನನ್ನ ಕೈಯಾರೆ ಮಾಡಬೇಕೆಂಬ ಆಸೆ. ಬಡಿಗತನ ಗೊತ್ತಿಲ್ಲ, ಗರಗಸ, ಸುತ್ತಿಗೆ, ಒಂದು ಡ್ರಿಲ್ ಮನೆಯಲ್ಲಿವೆ. ಗೋಡೆಯಲ್ಲಿ ನಾಲ್ಕಡಿ ಜಾಗವಿದೆ, ಅಷ್ಟೂ ಅಗಲಕ್ಕೆ ಮಾಡಲೆ? ತೇಗ ತರಲೋ ಪ್ಲೈವುಡ್ ತರಲೋ? ಬರೀ ಮೊಳೆ ಹೊಡೆದರೆ ನಿಲ್ಲುತ್ತದೆಯೆ?

ಉತ್ತರ: ಖಂಡಿತ ಮಾಡಿ. ಆದರೆ ನಾಲ್ಕಡಿ ಅಗಲ ಬೇಡ, ಎರಡೂವರೆ ಅಡಿಗೆ ನಿಲ್ಲಿಸಿ. ಕಾರಣ ಹೇಳುತ್ತೇನೆ. ಹೊಸಬರು ಕಪಾಟು ಮಾಡುವಾಗ ಜೋಡಣೆ ಹೇಗಿರಬೇಕು, ಪಾಲಿಶ್ ಯಾವುದಿರಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕಪಾಟು ಕೆಡುವುದು ಅಲ್ಲಲ್ಲ. ಅಡ್ಡ ಹಲಗೆ ನಡುವೆ ಬಾಗುತ್ತದೆ, ಇಲ್ಲವೇ ಇಡೀ ಚೌಕಟ್ಟು ಒಂದು ಕಡೆ ವಾಲುತ್ತದೆ. ಈ ಎರಡನ್ನು ತಡೆದರೆ ಉಳಿದ ಕುಂದುಗಳು ಕಣ್ಣಿಗೆ ಕಾಣಬಹುದೇ ಹೊರತು ಪುಸ್ತಕಕ್ಕೆ ತೊಂದರೆ ಕೊಡುವುದಿಲ್ಲ.

ಪುಸ್ತಕದ ಭಾರವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಎರಡೂವರೆ ಅಡಿಯ ಒಂದು ಖಾನೆಗೆ ಡೆಮಿ ಅಳತೆಯ (ಎಂಟೂವರೆ ಇಂಚು ಎತ್ತರದ) ಪುಸ್ತಕಗಳನ್ನು ಒತ್ತಾಗಿ ಜೋಡಿಸಿದರೆ ಸುಮಾರು 15 ಕಿಲೋ ಆಗುತ್ತದೆ. ನಿಘಂಟು, ದಪ್ಪ ಸಂಪುಟಗಳಿದ್ದರೆ 20 ದಾಟುತ್ತದೆ. ಹಲಗೆ ಉದ್ದವಾದಂತೆ ಬಾಗು ಅದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ, ನಾಲ್ಕನೇ ಘಾತದಲ್ಲಿ ಹೆಚ್ಚುತ್ತದೆ. ಎರಡೂವರೆ ಅಡಿಯ ಹಲಗೆ ಎಷ್ಟು ಬಾಗುತ್ತದೋ ಅದೇ ದಪ್ಪದ ಮೂರಡಿಯದು ಅದರ ಎರಡು ಪಟ್ಟು ಬಾಗುತ್ತದೆ. ನಾಲ್ಕಡಿಯದು ಆರು ಪಟ್ಟಿಗೂ ಹೆಚ್ಚು. ದಪ್ಪದಲ್ಲಿ ಉಳಿಸಲು ಹೋದರೂ ಇದೇ ಪಾಡು: 18 ಎಂಎಂ ಬದಲು 12 ಎಂಎಂ ಹಾಕಿದರೆ ಬಾಗು ಮೂರು ಪಟ್ಟು ದಾಟುತ್ತದೆ. ಗಣಿತದ ಮೇಷ್ಟ್ರು ಜೊತೆಗಿದ್ದರೆ ಅವರಿಂದ ಲೆಕ್ಕ ಮಾಡಿಸಿ ನೋಡಿ. ನಾಲ್ಕಡಿ ಗೋಡೆ ತುಂಬಲೇಬೇಕು ಎಂದಾದರೆ ನಡುವೆ ಒಂದು ನಿಲುವು ಹಲಗೆ ಕೊಡಿ. ಮೊದಲ ಸಲಕ್ಕೆ ಅದೂ ಬೇಡ ಎನ್ನುತ್ತೇನೆ.

ಮೊದಲ ಕಪಾಟಿಗೆ ಪ್ಲೈವುಡ್ಡೇ ಸರಿ. ತೇಗದ ಮೇಲೆ ನನಗೂ ಪ್ರೀತಿಯಿದೆ. ಆದರೆ ಒಂಬತ್ತು ಇಂಚು ಅಗಲದ, ಚೆನ್ನಾಗಿ ಒಣಗಿದ, ಸೊಟ್ಟಿಲ್ಲದ ಹಲಗೆಯನ್ನು ಕಟ್ಟಿಗೆ ಅಡ್ಡೆಯಲ್ಲಿ ಆರಿಸಲು ಕಣ್ಣು ಪಳಗಿರಬೇಕು. ನಮ್ಮ ಸೀಮೆಯ ಬೇಸಿಗೆ ಹಸಿ ಮರವನ್ನು ಕ್ಷಮಿಸುವುದಿಲ್ಲ. ಮಳೆಗಾಲದಲ್ಲಿ ತಂದು ಕಟ್ಟಿದ ಹಲಗೆ ಏಪ್ರಿಲ್ ಬರುವಷ್ಟರಲ್ಲಿ ಅಡ್ಡಡ್ಡ ಕುಗ್ಗಿ ತುದಿಗೆ ಸೀಳುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅಗಲಕ್ಕೇ ಕುಗ್ಗುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆಗೆ ಇನ್ನೊಂದರ ಎಳೆ ಅಡ್ಡ ಇರುವುದರಿಂದ ಈ ಕಾಟವಿಲ್ಲ. ಪ್ಲೈವುಡ್ಡಿನ ಭಾರತೀಯ ಮಾನಕವಾದ ಐಎಸ್ 303ರ ಗುರುತು ಒತ್ತಿರುವ 18 ಎಂಎಂ ಹಾಳೆ ಕೇಳಿ. ಒಣ ಗೋಡೆಯಾದರೆ ಸ್ವಲ್ಪ ತೇವ ತಾಳುವ ಎಂಆರ್ ದರ್ಜೆ ಸಾಕು, ಗೋಡೆಗೆ ತೇವ ಹತ್ತುವ ಮನೆಯಾದರೆ ಕುದಿನೀರನ್ನೂ ತಾಳುವ ಬಿಡಬ್ಲ್ಯುಆರ್ ದರ್ಜೆ ತನ್ನಿ. ಪಾರ್ಟಿಕಲ್ ಬೋರ್ಡ್ ಅಗ್ಗಕ್ಕೆ ಸಿಗುತ್ತದೆಂದು ಪುಸ್ತಕಕ್ಕೆ ತರಬೇಡಿ. ಅದು ಭಾರ ಹೊತ್ತಷ್ಟು ದಿನವೂ ನಿಧಾನಕ್ಕೆ ಬಾಗುತ್ತಲೇ ಇರುತ್ತದೆ.

18 ಎಂಎಂನದು ಎಂಟಡಿಗೆ ನಾಲ್ಕಡಿಯ ಒಂದೇ ಹಾಳೆ ಸಾಕು. ಅದನ್ನು ಉದ್ದಕ್ಕೆ 9 ಇಂಚಿನ ಪಟ್ಟಿಗಳಾಗಿ ಅಂಗಡಿಯಲ್ಲೋ ಯಂತ್ರವಿರುವ ಬಡಿಗೇರರ ಹತ್ತಿರವೋ ಸೀಳಿಸಿ. ಕೈಗರಗಸದಲ್ಲಿ ಎಂಟಡಿ ನೇರ ಸೀಳುವುದು ಪಳಗಿದವರಿಗೂ ಕಷ್ಟದ ಕೆಲಸ, ಅದನ್ನು ಯಂತ್ರಕ್ಕೆ ಬಿಡುವುದರಲ್ಲಿ ಯಾವ ಕೀಳರಿಮೆಯೂ ಬೇಕಿಲ್ಲ. ಬ್ಲೇಡು ಪ್ರತಿ ಸೀಳಿಗೂ ಮೂರು ಎಂಎಂ ತಿಂದರೂ ಐದು ಪಟ್ಟಿ ಬರುತ್ತವೆ. ಒಂದು ಪಟ್ಟಿಯಲ್ಲಿ 47 ಇಂಚಿನ ಎರಡು ಪಕ್ಕದ ಹಲಗೆ. ಇನ್ನೆರಡರಲ್ಲಿ ಇಪ್ಪತ್ತೆಂಟೂವರೆ ಇಂಚಿನ ಐದು ಅಡ್ಡ ಹಲಗೆ. ಉಳಿದದ್ದರಲ್ಲಿ ಅಡ್ಡ ಹಲಗೆಯನ್ನು ಕೆಳಗಿನಿಂದ ಹೊರುವ ಆಸರೆ ಪಟ್ಟಿ, ಕೆಳಗಿನ ಪೀಠದ ಪಟ್ಟಿ. ಐದೂ ಅಡ್ಡ ಹಲಗೆಗಳು ಒಂದೇ ಉದ್ದ ಇರಬೇಕು, ಇದನ್ನು ಮಾತ್ರ ಮರೆಯಬೇಡಿ. ಎಲ್ಲವೂ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕಡಿಮೆಯಿದ್ದರೆ ನಷ್ಟವಿಲ್ಲ. ಒಂದೇ ಒಂದು ಉದ್ದವಾದರೆ ಇಡೀ ಕಪಾಟು ಹೊಟ್ಟೆ ಬಿಡುತ್ತದೆ.

ಎರಡು ಪಕ್ಕದ ಹಲಗೆಗಳನ್ನು ಅಂಟಿಸಿದಂತೆ ನೆಲದ ಮೇಲೆ ಮಲಗಿಸಿ, ಬುಡ ಸಮ ಮಾಡಿ, ಎರಡಕ್ಕೂ ಸೇರಿಸಿ ಒಂದೇ ಗೆರೆ ಎಳೆಯಿರಿ. ಬೇರೆ ಬೇರೆ ಅಳೆದರೆ ಹಲಗೆ ಓರೆಯಾಗುವುದು ಖಚಿತ. ಬುಡದಿಂದ 3, 15¾, 26, 36¼ ಇಂಚಿಗೆ ಗೆರೆಗಳು. ಅಡ್ಡ ಹಲಗೆಯ ಕೆಳಮೈ ಆ ಗೆರೆಗೆ ಕೂರಬೇಕು. ಐದನೆಯದು ತುದಿಗೆ ಸಮ. ಹೀಗೆ ಮಾಡಿದರೆ ಕೆಳಗಿನ ಖಾನೆ ಒಂದಡಿ ಎತ್ತರ ಬರುತ್ತದೆ, ಎ4 ಅಳತೆಯ ನೋಟ್ಸು, ಅಟ್ಲಾಸು ಅಲ್ಲಿಗೆ. ಮೇಲಿನ ಮೂರೂ ಒಂಬತ್ತು ಇಂಚು ದಾಟುತ್ತವೆ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಿನವು ಡೆಮಿ ಅಳತೆಯವು, ಎಂಟೂವರೆ ಇಂಚು ಎತ್ತರ, ಹಾಗಾಗಿ ಬೆರಳು ತೂರಿಸಿ ಎಳೆಯಲು ಜಾಗ ಉಳಿಯುತ್ತದೆ.

ಜೋಡಣೆಗೆ ಪಕ್ಕದ ಹಲಗೆಯಲ್ಲಿ ತೋಡು ಕೊರೆಯುವುದು ಚೆಂದದ ಕ್ರಮ. ಆದರೆ ತೋಡು ಹಲಗೆಯ ದಪ್ಪಕ್ಕೆ ಬಿಗಿಯಾಗಿ ಕೂರದಿದ್ದರೆ ಕೊರೆದದ್ದೇ ದಂಡ, ಉಳಿ ಹಿಡಿದು ಅಭ್ಯಾಸವಿಲ್ಲದವರಿಗೆ ಅದು ಸುಲಭಕ್ಕೆ ಬಾರದು. ಅದರ ಬದಲು ಮುಕ್ಕಾಲು ಇಂಚಿನ ಆಸರೆ ಪಟ್ಟಿಗಳನ್ನು ಗೆರೆಯ ಕೆಳಗೆ ಫೆವಿಕಾಲ್ ಹಚ್ಚಿ ಒಂದೂಕಾಲು ಇಂಚಿನ ಸ್ಕ್ರೂನಿಂದ ಬಿಗಿಯಿರಿ. ಅಡ್ಡ ಹಲಗೆಯನ್ನು ಅದರ ಮೇಲಿಟ್ಟು, ಹೊರಗಿನಿಂದ ತುದಿಗೆ ಮೂರರಂತೆ ಒಂದೂವರೆ ಇಂಚಿನ ಸ್ಕ್ರೂ ಕೊಡಿ. ಭಾರವನ್ನು ಪಟ್ಟಿ ಹೊರುತ್ತದೆ, ಸ್ಕ್ರೂ ಹಿಡಿದಿಟ್ಟರೆ ಸಾಕು. ಮೊದಲು ಸಣ್ಣ ಬಿಟ್‌ನಿಂದ ತೂತು ಕೊರೆಯದೆ ಪ್ಲೈವುಡ್ ಅಂಚಿಗೆ ಸ್ಕ್ರೂ ತಿರುಗಿಸಬೇಡಿ, ಪದರಗಳು ಬಾಯಿಬಿಡುತ್ತವೆ. ಬರೀ ಮೊಳೆ ಬೇಡ. ಕಪಾಟು ಅಲುಗಿದಂತೆಲ್ಲ ಮೊಳೆಯ ಹಿಡಿತ ಸಡಿಲಾಗುತ್ತದೆ.

ಇನ್ನು ಬೆನ್ನು ಹಲಗೆ. ಇದನ್ನು ದುಡ್ಡು ಉಳಿಸಲೆಂದು ಬಿಟ್ಟ ಕಪಾಟುಗಳನ್ನು ರಾಯಚೂರು, ಕೊಪ್ಪಳದ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ. ನಾಲ್ಕು ಹಲಗೆಯ ಚೌಕಟ್ಟನ್ನು ಎಷ್ಟೇ ಬಿಗಿದರೂ ಪಕ್ಕದಿಂದ ತಳ್ಳಿದರೆ ಓರೆಯಾಗುತ್ತದೆ. ಕಡ್ಡಿಗೆ ಕಾಗದ ಬಿಗಿದ ಗಾಳಿಪಟದಂತೆ, ಹಿಂದೆ 6 ಎಂಎಂ ಪ್ಲೈವುಡ್ ಹಾಳೆಯೊಂದು ಬಿಗಿದರೆ ಆ ಚೌಕಟ್ಟು ಮತ್ತೆ ಮಿಸುಕುವುದಿಲ್ಲ. 47ಕ್ಕೆ 30 ಇಂಚಿನ ಹಾಳೆ ಬೇಕು. ಬಿಗಿಯುವ ಮುಂಚೆ ಕಪಾಟನ್ನು ಮುಖ ಕೆಳಗಾಗಿ ಮಲಗಿಸಿ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡೂ ಕರ್ಣ ಸಮನಾಗಿರಬೇಕು, ಈ ಅಳತೆಗೆ ಹೆಚ್ಚು ಕಡಿಮೆ 55¾ ಇಂಚು. ಒಂದು ಉದ್ದ ಬಂದರೆ ಆ ಮೂಲೆಗಳನ್ನು ಒಳಕ್ಕೆ ಒತ್ತಿ ಸಮ ಮಾಡಿ. ಆಮೇಲೆ ಫೆವಿಕಾಲ್ ಹಚ್ಚಿ ಸುತ್ತಲೂ, ಪ್ರತಿ ಅಡ್ಡ ಹಲಗೆಯ ಬೆನ್ನಿಗೂ ನಾಲ್ಕು ಇಂಚಿಗೊಂದರಂತೆ ಒಂದಿಂಚಿನ ಮೊಳೆ ಹೊಡೆಯಿರಿ. ಮೊಳೆ ಬೇಕಾಗುವುದು ಇಲ್ಲಿ. ಅಡ್ಡ ಹಲಗೆಯ ಹಿಂಬದಿ ಬಾಗುವುದನ್ನೂ ಈ ಹಾಳೆಯೇ ತಡೆಯುತ್ತದೆ.

ಅಂಟಿನ ಕೆಲಸ ಬೆಳಗಿನ ತಂಪಿನಲ್ಲಿ ಮಾಡಿ, ಫ್ಯಾನ್ ನಿಲ್ಲಿಸಿ. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಹಲಗೆ ಜೋಡಿಸುವಷ್ಟರಲ್ಲೇ ಫೆವಿಕಾಲ್ ಮೇಲೆ ಪೊರೆ ಕಟ್ಟುತ್ತದೆ, ಅಂಥ ಅಂಟು ಹಿಡಿಯುವುದಿಲ್ಲ. ಒಂದು ದಿನ ಒಣಗಲು ಬಿಡಿ. ಮುಂದಿನ ಅಂಚಿಗೆ ತೇಗದ ತೆಳು ಪಟ್ಟಿ ಅಂಟಿಸಿದರೆ ಪದರ ಕಾಣುವುದಿಲ್ಲ. ಪಾಲಿಶ್ ಯಾವುದಾದರೂ ಸರಿ, ಆದರೆ ಹಚ್ಚಿದ ಮೇಲೆ ಒಂದೆರಡು ವಾರ ಪುಸ್ತಕ ಇಡಬೇಡಿ. ಪೂರ್ತಿ ಒಣಗದ ಪಾಲಿಶ್‌ಗೆ ರಟ್ಟು ಅಂಟಿಕೊಳ್ಳುತ್ತದೆ.

ಪ್ರಶ್ನೆ: ಸಿರುಗುಪ್ಪದ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಬೇಕಾದಷ್ಟಿದೆ. ಹಳೇ ಮಾಳಿಗೆ ಮನೆ ಕೆಡವಿದಾಗ ಬಂದ ಬೇವಿನ ಜಂತಿಗಳೂ ಇವೆ. ಇವುಗಳಲ್ಲಿ ಕಪಾಟು ಆಗುತ್ತದೆಯೆ ಅಣ್ಣಾ?

ಉತ್ತರ: ಬೇವಿನಲ್ಲಿ ಆಗುತ್ತದೆ. ಬಳ್ಳಾರಿ ಜಾಲಿಯಲ್ಲಿ ಹಲಗೆ ತೆಗೆಯುವುದು ಕಷ್ಟ. ಅದು ಒಲೆಗೆ, ಇದ್ದಿಲಿಗೆ ಮಾತ್ರ ಎಂದು ತಳ್ಳಿಹಾಕುವ ಮರವಲ್ಲ. ಒಣಗುವಾಗ ಬಹಳ ಕಡಿಮೆ ಕುಗ್ಗುವ ಗಟ್ಟಿ ಮರ. ಕೊರತೆ ಎರಡು: ನೇರ ದಿಮ್ಮಿ ಸಿಗುವುದಿಲ್ಲ, ಉಳಿಯ ಬಾಯಿಯೂ ಬೇಗ ಮೊಂಡಾಗುತ್ತದೆ. ಅದರಿಂದ ಆಸರೆ ಪಟ್ಟಿ, ಗೂಟ, ಕಾಲು ಮಾಡಿಕೊಳ್ಳಿ.

ಹಳೇ ಜಂತಿ ನಿಮಗೆ ಸಿಕ್ಕ ಭಾಗ್ಯ ಎನ್ನಬೇಕು, ವರ್ಷಗಟ್ಟಲೆ ಸೂರಿನಡಿ ಒಣಗಿದ ಮರ ಅದು. ಸೀಳಿಸುವ ಮುಂಚೆ ಅಯಸ್ಕಾಂತ ಆಡಿಸಿ ಒಳಗಿನ ಮೊಳೆಗಳನ್ನೆಲ್ಲ ಕಿತ್ತು ತೆಗೆಯಿರಿ, ಗರಗಸದ ಬ್ಲೇಡಿಗೂ ಅದನ್ನು ನಡೆಸುವವರ ಕಣ್ಣಿಗೂ ಅಪಾಯ. ಹುಳು ತಿಂದ ಹೊರಮೈ ಕೆತ್ತಿ ಒಳಗಿನ ಚೇಗನ್ನಷ್ಟೇ ಬಳಸಿ. ಸೀಳಿದ ಹಲಗೆಗಳನ್ನು ನಡುವೆ ತುಂಡು ಪಟ್ಟಿಯಿಟ್ಟು ನೆರಳಲ್ಲಿ ಪೇರಿಸಿ, ತುದಿಗಳಿಗೆ ಬಣ್ಣ ಬಳಿಯಿರಿ. ಒಂದು ಹಲಗೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಸಿಂಧನೂರಿನ ನಮ್ಮ ಮನೆಯಲ್ಲಿ ಗೆದ್ದಲು ಗೋಡೆಯೊಳಗಿಂದಲೇ ಬಂದು ಹಿಂದಿನ ಕಪಾಟನ್ನು ತಿಂದಿದೆ. ಹೊಸದಕ್ಕೆ ಏನು ಮಾಡಲಿ? ಬೇವಿನೆಣ್ಣೆ ಹಚ್ಚಿದರೆ ಸಾಕೆ?

ಉತ್ತರ: ಬೇವಿನೆಣ್ಣೆ ಒಂದಿಷ್ಟು ದಿನ ದೂರ ಇಡುತ್ತದೆ, ಅದನ್ನೇ ನಂಬಿ ಕೂರಬೇಡಿ. ಹೀಗೆ ಗೋಡೆಯಲ್ಲಿ ಬರುವ ಗೆದ್ದಲು ನೆಲದ ತೇವ ಬಿಟ್ಟು ಬದುಕಲಾರದು; ಮಣ್ಣಿನ ಕೊಳವೆ ಕಟ್ಟಿಕೊಂಡು ಗೋಡೆಯ ಬಿರುಕಿನಲ್ಲಿ ಹತ್ತಿ ಬರುತ್ತದೆ. ಕಾಲುವೆ ನೀರಾವರಿಯ ಊರುಗಳಲ್ಲಿ ಗೋಡೆಗೆ ತೇವ ಏರುವುದು ಹೆಚ್ಚು, ಹಾಗಾಗಿ ಅದಕ್ಕೆ ದಾರಿ ಸುಲಭ. ಆದ್ದರಿಂದ ಮರ ನೆಲಕ್ಕೂ ಗೋಡೆಗೂ ತಾಗದಂತೆ ಮಾಡುವುದೇ ಮುಖ್ಯ. ಪಕ್ಕದ ಹಲಗೆಗಳ ಕೆಳಗೆ ಕಡಪಾ ಕಲ್ಲಿನ ಚೂರು ಇಡಿ, ಗೋಡೆಯಿಂದ ಎರಡು ಇಂಚು ಬಿಡಿ. ಆ ಸಂದಿನಲ್ಲಿ ತಿಂಗಳಿಗೊಮ್ಮೆ ಟಾರ್ಚು ಹಾಕಿದರೆ ಕೊಳವೆ ಕಟ್ಟುತ್ತಿರುವುದು ಕಾಣುತ್ತದೆ. ಮರದ ಬೆನ್ನಿಗೆ, ಬುಡಕ್ಕೆ ಗೆದ್ದಲು ನಿರೋಧಕ ಎಣ್ಣೆಯನ್ನು ಕೈಗವಸು ಹಾಕಿ, ಕಿಟಕಿ ತೆರೆದು ಎರಡು ಸಲ ಹಚ್ಚಿ. ಪುಸ್ತಕ ತಾಗುವ ಒಳಮೈಗೆ ಬೇಡ. ಗೋಡೆಯೊಳಗೇ ಗೂಡಿದ್ದರೆ ಕಪಾಟಿಗೆ ಏನು ಹಚ್ಚಿದರೂ ಸಾಲದು, ಮೊದಲು ಗೋಡೆ ಬುಡಕ್ಕೆ ತಿಳಿದವರಿಂದ ಔಷಧಿ ಕೊಡಿಸಿ.

ಎರೆ ಭೂಮಿಯ ಮೇಲೆ ಕಟ್ಟಿದ ಮನೆಗಳಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ನೆಲ ಏರಿಳಿಯುತ್ತದೆ. ಕಪಾಟು ಓಲಾಡಿದರೆ ಕಲ್ಲಿನ ಕೆಳಗೆ ತೆಳು ತುಂಡು ಸೇರಿಸಿ ಸಮ ಮಾಡಿ. ಗೋಡೆಯಿಂದ ದೂರ ನಿಂತದ್ದು ಮುಂದಕ್ಕೆ ಬೀಳದಂತೆ, ಮನೆಯಲ್ಲಿ ಹತ್ತಿ ಇಳಿಯುವ ಮಕ್ಕಳಿದ್ದರಂತೂ ತಪ್ಪದೆ, ಮೇಲಿನ ಹಲಗೆಗೆ ಎರಡು ಕಬ್ಬಿಣದ ಎಲ್ ಪಟ್ಟಿ ಬಿಗಿದು ಗೋಡೆಗೆ ಕಚ್ಚಿಸಿ.