ಹಿಮ ಬಿದ್ದ ದಿನ ಮಗ ಆಫೀಸಿಗೆ ಹೋಗಲಿಲ್ಲವೇ? ಬಹಳ ಸಂತೋಷ

ಬಾಸ್ಟನ್ ಹತ್ತಿರ ಮಗನ ಮನೆಗೆ ಹೋಗಿರುವ ಶಿವಮೊಗ್ಗದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು:

"ಮೊನ್ನೆ ಇಲ್ಲಿ ಮೊಣಕಾಲುದ್ದ ಹಿಮ ಬಿತ್ತು. ಮಗ ಆಫೀಸಿಗೆ ಹೋಗಲಿಲ್ಲ. ಪೈಜಾಮದಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತ. ಮಧ್ಯೆ ಎದ್ದು ಹೋಗಿ ಮಗಳ ಜೊತೆ ಹಿಮದಲ್ಲಿ ಆಡಿಯೂ ಬಂದ. ನಾವು ಆಷಾಢದ ಮಳೆಯಲ್ಲಿ ಕೊಡೆ ಮುರಿದರೂ ಹೋಗಿ ಬ್ರಾಂಚ್ ಬಾಗಿಲು ತೆಗೆದವರು. ಕಾಯಕವೇ ಕೈಲಾಸ ಅನ್ನುವುದು ಇವರಿಗೆ ಮರೆತೇ ಹೋಯಿತೇ? ಅವನಿಗೆ ಬುದ್ಧಿ ಹೇಳಲೋ ಬೇಡವೋ?"

ಸಂಪಾದಕರ ಉತ್ತರ:

ಬೇಡಿ ಸ್ವಾಮಿ, ಹೇಳಬೇಡಿ.

ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಎರಡನೇ ಪುಟದಲ್ಲಿ ಏನು ಬರೆದಿದ್ದೀರಿ? ಮಗ ಬೆಳಗ್ಗೆ ಆರಕ್ಕೆ ಎದ್ದು ಕಾರಿನ ದಾರಿಯ ಹಿಮವನ್ನೆಲ್ಲ ಸಲಿಕೆಯಲ್ಲಿ ಎತ್ತಿ ಹಾಕಿದ. ಅಷ್ಟರಲ್ಲಿ ಊರಿನ ಹಿಮ ತಳ್ಳುವ ಟ್ರಕ್ ಬಂದು, ರಸ್ತೆಯಲ್ಲಿದ್ದದ್ದನ್ನೆಲ್ಲ ಅವನ ಗೇಟಿನ ಬಾಯಿಗೇ ತಳ್ಳಿ ಗೋಡೆ ಕಟ್ಟಿ ಹೋಯಿತು. ಪುನಃ ಎತ್ತಿ ಹಾಕಿದ. ಒಂಬತ್ತಕ್ಕೆ ಮೀಟಿಂಗ್. ಮೂರನೇ ಪುಟದಲ್ಲಿ, ರಾತ್ರಿ ಹತ್ತಾದರೂ ಬೆಂಗಳೂರಿನವರ ಜೊತೆ ಮಾತು ಮುಗಿದಿರಲಿಲ್ಲ, ಸಾರು ಆರಿಹೋಯಿತು ಅಂತ ಸೊಸೆ ಗೊಣಗಿದಳು. ಇದರಲ್ಲಿ ಅವನು ಚಕ್ಕರ್ ಹೊಡೆದದ್ದು ಎಲ್ಲಿ? ಮಗಳ ಜೊತೆ ಆಡಿದ ಅರ್ಧ ಗಂಟೆ ಮಾತ್ರ ನಿಮ್ಮ ಕಣ್ಣಿಗೆ ಬಿತ್ತು ನೋಡಿ.

ಆಫೀಸಿನ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಚೀನಾದ ಸಿಟ್ರಿಪ್ ಎಂಬ ಪ್ರಯಾಣ ಕಂಪನಿಯ ಕಾಲ್ ಸೆಂಟರಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ವರದಿ ಬಂದದ್ದು 2015ರಲ್ಲಿ. ಒಂಬತ್ತು ತಿಂಗಳು ಮನೆಯಿಂದ ಫೋನ್ ಎತ್ತಿದವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ಆದರೆ ಪ್ರಯೋಗ ಮುಗಿದ ಮೇಲೆ ಅವರಲ್ಲೇ ಸುಮಾರು ಅರ್ಧದಷ್ಟು ಜನ ಆಫೀಸೇ ಸಾಕು ಅಂದರು. ಒಬ್ಬರೇ ಕೂತು ಬೇಜಾರಾಗಿತ್ತು. ಒಪ್ಪಿದೆ. ಹೊಸದಾಗಿ ಸೇರಿದ ಹುಡುಗರು ಹಳಬರ ಪಕ್ಕ ಕೂತೇ ಕಲಿಯಬೇಕು, ಅದನ್ನೂ ಒಪ್ಪಿದೆ. ಆಯ್ತಲ್ಲ?

ಈಗ ನನ್ನ ಮಾತು. ನಾನು ಮೊದಲು ದುಡಿದ ಕಚೇರಿಯಲ್ಲಿ ಹತ್ತೂ ಹತ್ತಕ್ಕೆ ಸರಿಯಾಗಿ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು, ತಡವಾಗಿ ಬಂದವರ ಸಹಿ ಅದರ ಕೆಳಗೆ. ಒಬ್ಬ ಮಹಾನುಭಾವರು ಒಂದು ದಿನವೂ ಆ ಗೆರೆಯ ಕೆಳಗೆ ಸಹಿ ಹಾಕಿದವರಲ್ಲ. ಸಹಿ ಹಾಕಿ, ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಕನ್ನಡಕದ ಡಬ್ಬಿಯನ್ನು ಫೈಲಿನ ಮೇಲೆ ತೆರೆದಿಟ್ಟು ಕ್ಯಾಂಟೀನಿಗೆ ಹೋದರೆ ಬರುವುದು ಊಟದ ಹೊತ್ತಿಗೆ. ಸಾಹೇಬರು ಬಂದು ಕೋಟು ನೋಡುತ್ತಿದ್ದರು, ಸಮಾಧಾನದಿಂದ ಹೋಗುತ್ತಿದ್ದರು. ಮಲೆನಾಡಿನ ಬಸ್ಸು ಕೆಟ್ಟು ಕಾಲು ಗಂಟೆ ತಡವಾಗಿ ಬಂದು, ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದ ಟೈಪಿಸ್ಟ್‌ಗೆ ಮಾತ್ರ ಮೆಮೊ. ನಮ್ಮವರಿಗೆ ಆಳು ಕಣ್ಣ ಮುಂದಿರಬೇಕು, ಅಷ್ಟೇ. ಮಾಡಿದ ಕೆಲಸವನ್ನು ಅಳೆಯಲು ಮೇಲಿನವರು ಸ್ವಲ್ಪ ಓದಬೇಕಾಗುತ್ತದೆ. ಕೋಟು ನೋಡುವುದು ಸುಲಭ.

ಹಿಮಕ್ಕೆ ಹೆದರದೆ ಆಫೀಸಿಗೆ ಹೋದವರ ಕಥೆ ಬೇಕಾದರೆ ಮಗನ ಊರಲ್ಲೇ ಕೇಳಿ. 1978ರ ಫೆಬ್ರುವರಿ 6, ಸೋಮವಾರ. ಬೆಳಗಿನ ಜಾವವೇ ಭಾರಿ ಹಿಮ ಶುರುವಾಗುತ್ತದೆ ಅಂದಿದ್ದರು. ಎದ್ದು ನೋಡಿದರೆ ಏನೂ ಇಲ್ಲ. ಹವಾಮಾನದವರು ಹೇಳುವುದೆಲ್ಲ ಸುಳ್ಳು ಅಂದುಕೊಂಡು ಜನ ಕೆಲಸಕ್ಕೆ ಹೊರಟರು. ಆಮೇಲೆ ಶುರುವಾಯಿತು. ಆಫೀಸುಗಳು ಎಲ್ಲರನ್ನೂ ಒಟ್ಟಿಗೇ ಮನೆಗೆ ಬಿಟ್ಟವು. ಬಾಸ್ಟನ್ ಸುತ್ತುವ 128ನೇ ನಂಬರ್ ರಸ್ತೆಯಲ್ಲಿ 3,000ಕ್ಕೂ ಹೆಚ್ಚು ಕಾರು, 500 ಟ್ರಕ್ ಹೂತುಹೋದವು. ಚಳಿಗೆ ಎಂಜಿನ್ ಹಾಕಿಕೊಂಡು ಕೂತವರಲ್ಲಿ ಕೆಲವರು ಹೊಗೆಯ ವಿಷಕ್ಕೆ ಕಾರಿನಲ್ಲೇ ಸತ್ತರು. ಊರಲ್ಲಿ ಬಿದ್ದ ಹಿಮ 27 ಇಂಚು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಡುಕಾಕಿಸ್ ಸ್ವೆಟರ್ ಹಾಕಿಕೊಂಡು ಟೀವಿಯಲ್ಲಿ ಬಂದು, ಯಾರೂ ಕಾರು ತೆಗೆಯಬೇಡಿ ಅಂತ ದಿನಾ ಹೇಳಬೇಕಾಯಿತು. ಅಂದು ಮನೆಯಲ್ಲೇ ಉಳಿದ ಸೋಮಾರಿಗಳು ಮಾತ್ರ ಆ ರಸ್ತೆಯಲ್ಲಿ ಸಿಕ್ಕಿಬೀಳಲಿಲ್ಲ.

ಆದರೆ ನನ್ನ ನಿಜವಾದ ದೂರು ಬೇರೆ. ಹಿಮದ ರಜೆಯನ್ನೇ ಲ್ಯಾಪ್‌ಟಾಪ್ ನುಂಗಿತು. 2010ರ ಫೆಬ್ರುವರಿಯ ಹಿಮಕ್ಕೆ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗಳು ವಾರವಿಡೀ ಅನ್ನುವಷ್ಟು ಮುಚ್ಚಿದವು. ಅದೇ ಡಿಸೆಂಬರಿನಲ್ಲಿ ಮನೆಯಿಂದ ಕೆಲಸಕ್ಕೆ ಕಾನೂನು ಬಂತು. ಒಳ್ಳೆಯದೇ. 2018ರಿಂದ ಇನ್ನೊಂದು ನಿಯಮ ಬಂತು: ಮನೆಯಿಂದ ಕೆಲಸ ಮಾಡುತ್ತೇನೆ ಅಂತ ಬರೆದುಕೊಟ್ಟವರಿಗೆ ಸಾಮಾನ್ಯವಾಗಿ ಹಿಮದ ರಜೆ ಇಲ್ಲ. ಬರೆದುಕೊಡದವನು ಹೊದ್ದು ಮಲಗಬಹುದು, ಬರೆದುಕೊಟ್ಟವನು ದುಡಿಯಬೇಕು! ನ್ಯೂಯಾರ್ಕಿನ ಶಾಲೆಗಳೂ ಹಿಮದ ರಜೆಯ ಬದಲು ಆನ್‌ಲೈನ್ ಪಾಠ ಅಂದವು. 2024ರ ಫೆಬ್ರುವರಿ 13ರಂದು ಹಿಮ ಬಿತ್ತು, ಎಲ್ಲರೂ ಒಟ್ಟಿಗೆ ಲಾಗಿನ್ ಆಗಲು ಹೋದರು, ವ್ಯವಸ್ಥೆ ಕುಸಿಯಿತು. ನನಗೆ ಆ ದಿನ ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಹಾಗೆ ನೋಡಿದರೆ ಹಿಮಕ್ಕೆ ಶಾಲೆ ಮುಚ್ಚಿದ್ದರಿಂದ ಮಕ್ಕಳ ಪರೀಕ್ಷೆಯ ಅಂಕ ಕಡಿಮೆಯಾಗಲಿಲ್ಲ ಅಂತ ಆಗ ಹಾರ್ವರ್ಡ್‌ನಲ್ಲಿದ್ದ ಜೋಶುವಾ ಗುಡ್‌ಮನ್ 2014ರಲ್ಲೇ ಮ್ಯಾಸಚೂಸೆಟ್ಸ್ ಲೆಕ್ಕ ಹಿಡಿದು ತೋರಿಸಿದ್ದಾರೆ. ನಮ್ಮ ಕರಾವಳಿ, ಕೊಡಗಿನ ಮಕ್ಕಳಿಗೆ ಡಿಸಿ ಕೊಟ್ಟ ಮಳೆ ರಜೆಯನ್ನು ಶನಿವಾರ ಮಧ್ಯಾಹ್ನ ಬಡ್ಡಿ ಸಮೇತ ವಸೂಲಿ ಮಾಡುವವರು ಇದನ್ನು ಓದಲಿ.

ಇನ್ನು ಕಾಯಕವೇ ಕೈಲಾಸ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅದೇ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಏನು ಮಾಡಿದಳು? ಇಷ್ಟೊಂದು ಆಸೆ ಯಾಕೆ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸು ಅಟ್ಟಿದಳು. ನಮ್ಮ ದೊಡ್ಡ ಮನುಷ್ಯರೆಲ್ಲ ಗಂಡನ ವಚನವನ್ನು ಗೋಡೆಗೆ ತೂಗುಹಾಕಿದ್ದಾರೆ, ಹೆಂಡತಿಯ ಮಾತನ್ನು ಯಾರೂ ಎತ್ತುವುದಿಲ್ಲ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದರು. 2025ರಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು 90ಕ್ಕೆ ಏರಿಸಿದರು. ಲಕ್ಕಮ್ಮ ಇದ್ದಿದ್ದರೆ ಇಬ್ಬರನ್ನೂ ಅಂಗಳದಿಂದಲೇ ಕಳಿಸುತ್ತಿದ್ದಳು.

ಬೆಂಗಳೂರನ್ನೇ ನೋಡಿ. 2022ರ ಆಗಸ್ಟ್ 30ರ ಮಳೆಗೆ ಹೊರ ವರ್ತುಲ ರಸ್ತೆಯಲ್ಲಿ ನೌಕರರು ಐದು ಗಂಟೆ ಸಿಕ್ಕಿಬಿದ್ದು 225 ಕೋಟಿ ನಷ್ಟವಾಯಿತು ಅಂತ ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಮುಂದಿನ ವಾರ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಮನೆಯಿಂದಲೇ ಕೆಲಸ ಸಾಗುತ್ತದೆ ಅನ್ನುವುದು ಅದಕ್ಕೆ ಎರಡು ವರ್ಷ ಮೊದಲೇ, ಕೊರೋನಾ ಕಾಲದಲ್ಲೇ ಗೊತ್ತಾಗಿತ್ತಲ್ವಾ? ಆದರೂ ನೀರು ಇಳಿದ ಮೇಲೆ ಅದೇ ರಸ್ತೆಗೆ ಎಲ್ಲರನ್ನೂ ಕರೆದು, ಬಾಗಿಲಲ್ಲಿ ಕಾರ್ಡ್ ಉಜ್ಜಿಸಿ, ಯಾರು ಎಷ್ಟು ದಿನ ಬಂದರು ಅಂತ ಎಣಿಸುತ್ತಿದ್ದಾರೆ. ಕೆಂಪು ಗೆರೆ ಹೋಗಿ ಕಂಪ್ಯೂಟರ್ ಬಂತು.

ಮಗನಿಗೆ ಒಂದು ಮಾತು ಹೇಳಲೇಬೇಕು ಅನ್ನಿಸಿದರೆ, ಮುಂದಿನ ಸಲ ಹಿಮ ಬಿದ್ದಾಗ ಪೂರ್ತಿ ರಜೆ ಹಾಕು ಮಾರಾಯ ಅಂತ ಹೇಳಿ. ನೀವೂ ಮೊಮ್ಮಗಳ ಜೊತೆ ಹೊರಗೆ ಹೋಗಿ. ಸಲಿಕೆ ಮಾತ್ರ ಮುಟ್ಟಬೇಡಿ. ಆ ಚಳಿಯಲ್ಲಿ ಹಿಮ ಎತ್ತಿ ಹಾಕಲು ಹೋಗಿ ವಯಸ್ಸಾದವರಿಗೆ ಹೃದಯಾಘಾತವಾಗುವುದು ಅಲ್ಲಿ ಪ್ರತಿ ಚಳಿಗಾಲದ ಸುದ್ದಿ.