ತಂತ್ರಜ್ಞಾನ ಪ್ರಶ್ನೋತ್ತರ: ಕರಾವಳಿಯ ತೇವ ಮತ್ತು ಟ್ರೇ ಫೀಡರ್ ಇರುವ ಐಸಿ ಪ್ರೋಗ್ರಾಮಿಂಗ್ ಯಂತ್ರ

ಈ ಸಲ ಉತ್ತರಿಸಲು ಆರಿಸಿಕೊಂಡ ನಾಲ್ಕು ಪತ್ರಗಳೂ ಉತ್ತರ ಕನ್ನಡ ಜಿಲ್ಲೆಯವು, ನಾಲ್ಕೂ ಒಂದೇ ಬಗೆಯ ಯಂತ್ರವನ್ನು ಕುರಿತವು. ಬೋರ್ಡಿಗೆ ಬೆಸುಗೆ ಹಾಕುವ ಮುನ್ನವೇ ಖಾಲಿ ಮೈಕ್ರೋಕಂಟ್ರೋಲರ್ ಮತ್ತು ಫ್ಲ್ಯಾಶ್ ಮೆಮೊರಿ ಐಸಿಗಳಿಗೆ (ಚಿಪ್‌ಗಳಿಗೆ) ತಂತ್ರಾಂಶ ತುಂಬುವ ಸ್ವಯಂಚಾಲಿತ ಯಂತ್ರವಿದು. ಒಂದರ ಮೇಲೊಂದು ಪೇರಿಸಿದ ಟ್ರೇಗಳನ್ನು ಫೀಡರ್ ಒಂದೊಂದಾಗಿ ಒಳಗೆ ಕೊಡುತ್ತದೆ. ವ್ಯಾಕ್ಯೂಮ್ ನಾಝಲ್ ಐಸಿಯನ್ನು ಎತ್ತಿ, ಕ್ಯಾಮೆರಾದ ಮೇಲೆ ಹಿಡಿದು, ತಂತ್ರಾಂಶ ತುಂಬುವ ಸಾಕೆಟ್ಟಿನಲ್ಲಿ ಕೂರಿಸುತ್ತದೆ. ತುಂಬಿದ್ದನ್ನು ಸರಿನೋಡಿದ ಮೇಲೆ ಒಳ್ಳೆಯ ಐಸಿ ಹೊರಹೋಗುವ ಟ್ರೇಗೂ ಕೆಟ್ಟದ್ದು ರಿಜೆಕ್ಟ್ ಡಬ್ಬಿಗೂ ಹೋಗುತ್ತದೆ.

ಪ್ರಶ್ನೆ: ಕಾರವಾರದ ಶಿರವಾಡದಲ್ಲಿ ನಮ್ಮದೊಂದು ಚಿಕ್ಕ ಘಟಕವಿದೆ. ಐಸಿಗಳ ಪೊಟ್ಟಣದ ಮೇಲೆ ‘ಎಂಎಸ್‌ಎಲ್ 3, 168 ಗಂಟೆ’ (ಐಸಿ ತೇವಕ್ಕೆ ಎಷ್ಟು ಸೂಕ್ಷ್ಮ ಎಂಬ ದರ್ಜೆ, ಪೊಟ್ಟಣ ಒಡೆದ ಮೇಲೆ ತೆರೆದಿಡಬಹುದಾದ ಅವಧಿ) ಎಂದು ಅಚ್ಚಾಗಿರುತ್ತದೆ. ನಾವು ಪ್ರೋಗ್ರಾಮ್ ಮಾಡಿ ಬೆಂಗಳೂರಿಗೆ ಬೋರ್ಡ್ ಜೋಡಣೆಗೆ ಕಳುಹಿಸುತ್ತೇವೆ. ಮಳೆಗಾಲದಲ್ಲಿ ಕಳುಹಿಸಿದ ಐಸಿಗಳು ಬೆಸುಗೆಯ ನಂತರ ಒಳಗೇ ಬಿರುಕು ಬಿಟ್ಟಿವೆ ಎಂಬ ದೂರು ಬಂದಿದೆ. ನಾವು ನಾಲ್ಕೇ ದಿನಗಳಲ್ಲಿ ಕೆಲಸ ಮುಗಿಸಿದ್ದೆವು. ತಪ್ಪು ಯಂತ್ರದ್ದೇ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಯಂತ್ರದ ಮೇಲೆ ಸಂಶಯಪಡುವ ಕಾರಣ ಕಾಣುವುದಿಲ್ಲ, ಸಂಶಯವಿರುವುದು ಗಾಳಿಯ ಮೇಲೆ. ಐಸಿಯ ಪ್ಲಾಸ್ಟಿಕ್ ಹೊದಿಕೆ ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಹಲಸಿನ ಹಪ್ಪಳ ಮೆತ್ತಗಾಗುವ ಹಾಗೆ. ಸೀಸವಿಲ್ಲದ ಬೆಸುಗೆಯ ಓವನ್ನಿನಲ್ಲಿ 240ರಿಂದ 260 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದಾಗ ಆ ತೇವ ಒಮ್ಮೆಲೇ ಆವಿಯಾಗಿ ಹೊದಿಕೆಯನ್ನು ಒಳಗಿನಿಂದ ಸೀಳುತ್ತದೆ. ಎಲೆಕ್ಟ್ರಾನಿಕ್ಸ್ ಉದ್ಯಮದ ಮಾನದಂಡ ರೂಪಿಸುವ ಐಪಿಸಿ ಮತ್ತು ಜೆಡೆಕ್ ಸಂಸ್ಥೆಗಳ ಜೆ-ಎಸ್‌ಟಿಡಿ-033 ಮಾನದಂಡದಲ್ಲಿ ಎಂಎಸ್‌ಎಲ್ 3ಕ್ಕೆ ಕೊಟ್ಟಿರುವ 168 ಗಂಟೆಗಳ ಅವಧಿಗೆ ಒಂದು ಷರತ್ತಿದೆ: ಕೋಣೆಯ ಉಷ್ಣತೆ 30 ಡಿಗ್ರಿಯನ್ನೂ ಸಾಪೇಕ್ಷ ತೇವಾಂಶ ಶೇ. 60ನ್ನೂ ಮೀರಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಹೊರಗಾಳಿ ಆ ಮಿತಿಯೊಳಗೆ ಬರುವುದೇ ಇಲ್ಲ. ಕಿಟಕಿ ತೆರೆದ ಕೋಣೆಯಲ್ಲಿ ಕಳೆದ ನಾಲ್ಕು ದಿನಗಳನ್ನು 96 ಗಂಟೆ ಎಂದು ಲೆಕ್ಕ ಹಾಕಿ ‘ಇನ್ನೂ 72 ಉಳಿದಿದೆ’ ಎಂದು ನಂಬುವಂತಿಲ್ಲ.

ಎರಡನೆಯ ವಿಷಯ ಇನ್ನೂ ಮುಖ್ಯವಾದದ್ದು. ಆ 168 ಗಂಟೆಗಳು ನಿಮ್ಮೊಬ್ಬರವಲ್ಲ. ಪೊಟ್ಟಣ ಒಡೆದ ಕ್ಷಣದಿಂದ ಬೆಂಗಳೂರಿನ ಓವನ್ನಿನೊಳಗೆ ಬೋರ್ಡು ಹೋಗುವ ತನಕ ಐಸಿ ತೆರೆದ ಗಾಳಿಯಲ್ಲಿರುವ ಒಟ್ಟು ಅವಧಿ ಅದು. ನೀವು ಬಳಸಿದ ಗಂಟೆಗಳನ್ನು ಹೊಸ ಪೊಟ್ಟಣದ ಮೇಲೆ ಬರೆಯದೆ ಕಳುಹಿಸಿದರೆ ಅಲ್ಲಿಯವರು ಗಡಿಯಾರವನ್ನು ಸೊನ್ನೆಯಿಂದ ಶುರುಮಾಡುತ್ತಾರೆ. ಆದ್ದರಿಂದ ಐಸಿಗಳ ಪ್ರತಿ ಲಾಟಿಗೂ (ಒಟ್ಟಿಗೆ ಬಂದ ಗುಂಪಿಗೂ) ಒಂದು ಚೀಟಿ ಇರಲಿ. ಪೊಟ್ಟಣ ಒಡೆದ ದಿನ ಮತ್ತು ಹೊತ್ತು, ಮತ್ತೆ ಮುಚ್ಚಿದ ದಿನ ಮತ್ತು ಹೊತ್ತು, ಕೋಣೆಯ ತೇವಾಂಶ ಇವಿಷ್ಟು ಅದರಲ್ಲಿರಲಿ. ತೇವ ತಡೆಯುವ ಚೀಲಕ್ಕೆ ಹೊಸ ಸಿಲಿಕಾ ಪೊಟ್ಟಣವನ್ನೂ ತೇವ ತೋರಿಸುವ ಕಾರ್ಡನ್ನೂ ಹಾಕಿ ಸೀಲು ಮಾಡಿ.

ಫೀಡರಿಗೆ ಒಂದೇ ಸಲ ಇಪ್ಪತ್ತು ಟ್ರೇ ಪೇರಿಸಿ ಊಟಕ್ಕೆ ಹೋಗುವ ಅನುಕೂಲವನ್ನು ಮಳೆಗಾಲದಲ್ಲಿ ಬಿಟ್ಟುಬಿಡಿ. ಒಂದೆರಡು ಗಂಟೆಗಳಲ್ಲಿ ಮುಗಿಯುವಷ್ಟು ಟ್ರೇಗಳನ್ನು ಮಾತ್ರ ಹೊರತೆಗೆದು ಉಳಿದವನ್ನು ಡ್ರೈ ಕ್ಯಾಬಿನೆಟ್ಟಿನಲ್ಲಿಡಿ. ಎಂಎಸ್‌ಎಲ್ 2, 2ಎ ಮತ್ತು 3ರ ಐಸಿಗಳು ಮಿತಿಯೊಳಗಿನ ಕೋಣೆಯಲ್ಲಿ 12 ಗಂಟೆಗಿಂತ ಹೆಚ್ಚು ತೆರೆದಿರದಿದ್ದರೆ, ಶೇ. 10ಕ್ಕಿಂತ ಕಡಿಮೆ ತೇವದ ಕ್ಯಾಬಿನೆಟ್ಟಿನಲ್ಲಿ ಅದರ ಐದು ಪಟ್ಟು ಹೊತ್ತು ಇಟ್ಟರೆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ ಎಂದು ಅದೇ ಮಾನದಂಡ ಹೇಳುತ್ತದೆ. ಓವನ್ನಿನಲ್ಲಿ 125 ಡಿಗ್ರಿಯಲ್ಲಿ ಒಣಗಿಸುವುದು ಕೊನೆಯ ದಾರಿ. ಹಾಗೆ ಒಣಗಿಸುವ ಮೊದಲು ಟ್ರೇಯ ಅಂಚಿನಲ್ಲಿ ಅಚ್ಚಾಗಿರುವ ಗರಿಷ್ಠ ಉಷ್ಣತೆಯನ್ನು ಓದಿ, ಏಕೆಂದರೆ ಎಲ್ಲ ಟ್ರೇಗಳೂ ಆ ಶಾಖ ತಾಳುವುದಿಲ್ಲ, ಸೊಟ್ಟಗಾದ ಟ್ರೇ ಫೀಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. 90 ಡಿಗ್ರಿಗಿಂತ ಮೇಲಿನ ಒಣಗಿಸುವಿಕೆ ಎಲ್ಲ ಸೇರಿ 96 ಗಂಟೆ ಮೀರಿದರೆ ಕಾಲುಗಳಿಗೆ ಬೆಸುಗೆ ಸರಿಯಾಗಿ ಹಿಡಿಯದಿರಬಹುದು.

ಹವಾನಿಯಂತ್ರಣದ ಬಗ್ಗೆಯೂ ಒಂದು ಮಾತು. ಕೋಣೆಯನ್ನು 18 ಡಿಗ್ರಿಗೆ ತಂಪು ಮಾಡಿ ಬೆಳಿಗ್ಗೆ ಬಾಗಿಲು ತೆರೆದಿಟ್ಟರೆ ಹೊರಗಿನ ತೇವ ತಣ್ಣಗಿನ ಸಾಕೆಟ್ಟು, ಟ್ರೇ, ಐಸಿಗಳ ಮೇಲೆ ನೀರಾಗಿ ಕೂರುತ್ತದೆ. 25ರ ಆಸುಪಾಸಿನಲ್ಲಿಟ್ಟು, ತೇವ ತೆಗೆಯುವ ಯಂತ್ರವನ್ನು ಜೊತೆಗೆ ನಡೆಸುವುದು ಲೇಸು. ಗಾಳಿ ಹಸಿಯಾಗಿದೆ, ಸ್ಥಾಯೀ ವಿದ್ಯುತ್ತಿನ ಭಯವಿಲ್ಲ ಎಂದು ಮಣಿಕಟ್ಟಿನ ಪಟ್ಟಿ ಕಟ್ಟದೆ ಇರುವ ರೂಢಿ ನಮ್ಮ ಕರಾವಳಿಯಲ್ಲಿದೆ. ತೇವ ತೆಗೆದ ಕೋಣೆಯಲ್ಲಿ ಆ ಸಮಾಧಾನಕ್ಕೆ ಆಧಾರವಿಲ್ಲ.

ಪ್ರಶ್ನೆ: ಶಿರಸಿಯಲ್ಲಿ ಅಡಿಕೆ ತೋಟದ ಪಂಪುಗಳಿಗೆ ಮೊಬೈಲ್ ಸ್ಟಾರ್ಟರ್ ತಯಾರಿಸುವಲ್ಲಿ ನಾನು ಆಪರೇಟರ್. ನಮ್ಮ ಯಂತ್ರದಲ್ಲಿ ಫೇಲಾದ ಐಸಿಗಳನ್ನು ಮತ್ತೊಮ್ಮೆ ಹಾಕಿದರೆ ಬಹುಪಾಲು ಪಾಸಾಗುತ್ತವೆ. ಹಾಗೆ ಮಾಡಬಹುದೇ? ಟ್ರೇಯನ್ನು ತಿರುಗಿಸಿ ಇಟ್ಟರೆ ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲವೇ?

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಜೆಡೆಕ್ ಟ್ರೇಗಳ ಹೊರ ಅಳತೆ ಎಲ್ಲ ತಯಾರಕರಲ್ಲೂ ಒಂದೇ, 322.6 ಮತ್ತು 135.9 ಮಿಲಿಮೀಟರ್. ಒಳಗಿನ ಗುಳಿಗಳ ಸಾಲು ಮತ್ತು ಅಂತರ ಮಾತ್ರ ಐಸಿಯ ಗಾತ್ರದಂತೆ ಬದಲಾಗುತ್ತವೆ; 7 ಮಿಲಿಮೀಟರ್ ಚೌಕದ ಎಲ್‌ಕ್ಯೂಎಫ್‌ಪಿ (ನಾಲ್ಕೂ ಬದಿ ಕಾಲುಗಳಿರುವ ಚಪ್ಪಟೆ) ಐಸಿಗೆ ಸಾಮಾನ್ಯವಾಗಿ 250 ಗುಳಿ, 10 ಮಿಲಿಮೀಟರಿನದಕ್ಕೆ 160, 14 ಮಿಲಿಮೀಟರಿನದಕ್ಕೆ 90. ಟ್ರೇಯ ಒಂದು ಮೂಲೆ ಓರೆಯಾಗಿ ಕತ್ತರಿಸಿರುತ್ತದೆ, ದಿಕ್ಕಿನ ಗುರುತು ಅದೇ. ಪೇರಿಸುವಾಗ ಎಲ್ಲ ಟ್ರೇಗಳ ಓರೆ ಮೂಲೆ ಒಂದೇ ಕಡೆ ಇದೆಯೇ ಎಂದು ಬೆರಳಾಡಿಸಿ ನೋಡಿ. ಕೆಳಗಿನಿಂದ ನೋಡುವ ಕ್ಯಾಮೆರಾಕ್ಕೆ ಕಾಲುಗಳು ಕಾಣುತ್ತವೆ, ಮೇಲ್ಮೈಯಲ್ಲಿರುವ ಒಂದನೇ ಕಾಲಿನ ಚುಕ್ಕೆ ಕಾಣುವುದಿಲ್ಲ. ನಾಲ್ಕೂ ಬದಿ ಕಾಲುಗಳಿರುವ ಚೌಕ ಐಸಿಯನ್ನು ಅರ್ಧ ಸುತ್ತು ತಿರುಗಿಸಿದರೂ ಆ ಕ್ಯಾಮೆರಾಕ್ಕೆ ಅದು ಒಂದೇ ತರಹ ತೋರುತ್ತದೆ. ತಿರುಗಿ ಕೂತ ಐಸಿಯನ್ನು ಸಾಕೆಟ್ಟಿನ ಸಂಪರ್ಕ ಪರೀಕ್ಷೆ ಹಿಡಿಯುತ್ತದೆ. ಆ ಪರೀಕ್ಷೆಯನ್ನು ವೇಗಕ್ಕಾಗಿ ಆಫ್ ಮಾಡಿಟ್ಟಿದ್ದರೆ ಐಸಿ ಸುಡಬಹುದು. ಇದಕ್ಕಿಂತ ಕೆಟ್ಟದ್ದು ಹೊರಹೋಗುವ ಟ್ರೇಯ ದಿಕ್ಕು. ಸಾಕೆಟ್ಟಿನಲ್ಲಿ ಎಲ್ಲವೂ ಸರಿಯಾಗಿ ನಡೆದು, ಜಾಬಿನಲ್ಲಿ (ಯಂತ್ರಕ್ಕೆ ಕೊಡುವ ಕೆಲಸದ ಸೂಚನೆಗಳ ಫೈಲಿನಲ್ಲಿ) ಬರೆದ ಕೋನ ತಪ್ಪಾಗಿದ್ದು ಐಸಿ ಟ್ರೇಯಲ್ಲಿ ತಿರುಗಿ ಕೂತರೆ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ, ಬೋರ್ಡು ಕೆಲಸ ಮಾಡದಿದ್ದಾಗಲೇ ಗೊತ್ತಾಗುವುದು. ಮೊದಲ ಐಸಿ ಹೊರಗಿನ ಟ್ರೇಗೆ ಬಂದ ಕೂಡಲೇ ಯಂತ್ರ ನಿಲ್ಲಿಸಿ, ಮಸೂರದ ಕೆಳಗೆ ಚುಕ್ಕೆಯ ಜಾಗ ನೋಡುವುದನ್ನು ತಪ್ಪಿಸಬೇಡಿ.

ಮತ್ತೆ ಹಾಕುವುದರ ಬಗ್ಗೆ: ಎರಡನೆಯ ಸಲ ಪಾಸಾಗುತ್ತದೆಂದರೆ ಸಾಮಾನ್ಯವಾಗಿ ಕೆಟ್ಟಿರುವುದು ಸಾಕೆಟ್ಟು. ಕಾಲುಗಳ ತವರ ಸಾಕೆಟ್ಟಿನ ಸಂಪರ್ಕಗಳಿಗೆ ಅಂಟುತ್ತಾ ಹೋಗಿ ರೋಧ ಹೆಚ್ಚುತ್ತದೆ, ಸ್ಪ್ರಿಂಗು ಸಡಿಲವಾಗುತ್ತದೆ. ಸಾಕೆಟ್ಟು ತೇಯುವ ವಸ್ತುವೇ. ಪ್ರತಿ ಸಾಕೆಟ್ಟಿನ ಫೇಲ್ ಲೆಕ್ಕವನ್ನು ಯಂತ್ರ ಬೇರೆಬೇರೆಯಾಗಿ ಇಡುತ್ತದೆ, ಅದನ್ನು ತೆರೆದು ನೋಡಿ. ಒಂದೇ ಸಾಕೆಟ್ಟಿನಲ್ಲಿ ಫೇಲುಗಳು ಗುಂಪಾಗಿದ್ದರೆ ಅದನ್ನು ನಿಲ್ಲಿಸಿ, ಸ್ವಚ್ಛಮಾಡಿ ಅಥವಾ ಬದಲಿಸಿ. ಎಲ್ಲ ಸಾಕೆಟ್ಟುಗಳಲ್ಲೂ ಸಮನಾಗಿ ಹರಡಿದ್ದರೆ ಐಸಿಯ ಲಾಟನ್ನೂ ಜಾಬನ್ನೂ ಸಂಶಯಿಸಿ. ಕಾರಣ ಸಿಗುವ ಮುನ್ನ ರಿಜೆಕ್ಟ್ ಡಬ್ಬಿಯನ್ನು ಫೀಡರಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ದುರ್ಬಲ ಸಂಪರ್ಕದಲ್ಲಿ ಅಂತೂ ಇಂತೂ ತುಂಬಿಸಿಕೊಂಡ ಐಸಿ ಮಳೆಯಲ್ಲಿ ತೋಟದ ಮೂಲೆಯ ಪಂಪಿನ ಪೆಟ್ಟಿಗೆಯೊಳಗೆ ಕೈಕೊಟ್ಟರೆ ಅದರ ನಷ್ಟ ಬೆಳೆಗಾರರದ್ದು.

ಪ್ರಶ್ನೆ: ಕುಮಟಾದ ನಮ್ಮ ಘಟಕದಲ್ಲಿ ಎಲ್ಲ ಆಪರೇಟರುಗಳಿಗೂ ಅಡ್ಮಿನ್ ಪಾಸ್‌ವರ್ಡ್ ಗೊತ್ತಿದೆ. ಎಂಜಿನಿಯರ್ ಕೊಟ್ಟ ಚೆಕ್‌ಸಮ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಯಂತ್ರ ತೋರಿಸುವುದಕ್ಕೆ ಹೊಂದದಿದ್ದರೂ ಕೆಲಸ ನಿಲ್ಲಬಾರದೆಂದು ಮುಂದುವರಿಸುತ್ತಾರೆ. ಮೇಲ್ವಿಚಾರಕಿಯಾಗಿ ನಾನು ಏನು ಮಾಡಬೇಕು?

ಉತ್ತರ: ಮೊದಲು ಪಾಸ್‌ವರ್ಡನ್ನು ಬದಲಿಸಿ. ಜಾಬ್ ಆರಿಸುವುದು, ಶುರುಮಾಡುವುದು, ನಿಲ್ಲಿಸುವುದು, ಸಿಕ್ಕಿಕೊಂಡದ್ದನ್ನು ಬಿಡಿಸುವುದು ಆಪರೇಟರ್ ಖಾತೆಗೆ ಸಾಕು. ಜಾಬ್ ಬರೆಯುವುದು, ಟ್ರೇಯ ಅಳತೆ ಮತ್ತು ನಾಝಲಿನ ಎತ್ತರವನ್ನು ಯಂತ್ರಕ್ಕೆ ಕಲಿಸುವುದು, ಪರೀಕ್ಷೆಗಳನ್ನು ಆಫ್ ಮಾಡುವುದು ಬೇರೆ ಖಾತೆಯಲ್ಲಿರಬೇಕು, ಮತ್ತು ಜಾಬ್ ಬರೆದವರೇ ಅದಕ್ಕೆ ಒಪ್ಪಿಗೆ ಕೊಡಬಾರದು. ಈ ಯಂತ್ರ ಒಂದು ತಪ್ಪನ್ನು ಸಂಜೆಯೊಳಗೆ ಸಾವಿರಾರು ಐಸಿಗಳಿಗೆ ಅಷ್ಟೇ ಅಚ್ಚುಕಟ್ಟಾಗಿ ತುಂಬಿಬಿಡುತ್ತದೆ. ಅದಕ್ಕಾಗಿಯೇ ಎರಡನೆಯ ಜೊತೆ ಕಣ್ಣು ಬೇಕು.

ಚೆಕ್‌ಸಮ್ ಹೊಂದದಿರಲು ನಿರುಪದ್ರವಿ ಕಾರಣವೂ ಇರಬಹುದು. ಫೈಲಿನಲ್ಲಿ ಬಳಸದ ಜಾಗವನ್ನು ಒಬ್ಬರು ಎಫ್‌ಎಫ್ ಎಂಬ ಬೈಟಿನಿಂದಲೂ ಇನ್ನೊಬ್ಬರು ಸೊನ್ನೆಯಿಂದಲೂ ತುಂಬಿ ಕೂಡಿಸಿದರೆ ಮೊತ್ತ ಬೇರೆಯಾಗುತ್ತದೆ. ಆದರೆ ಕಾರಣ ಅದೇ ಎಂದು ಎಂಜಿನಿಯರ್ ಬರೆದುಕೊಡುವ ತನಕ ಯಂತ್ರ ನಿಂತಿರಲಿ. ಬರಿಯ ಕೂಡಿಕೆಯ ಚೆಕ್‌ಸಮ್‌ಗೆ ಎರಡು ಬೈಟುಗಳು ಅದಲುಬದಲಾದರೆ ಗೊತ್ತಾಗುವುದಿಲ್ಲ, ಹಾಗಾಗಿ ಫೈಲಿನ ಜೊತೆ, ಅಂಥ ಬದಲಾವಣೆಯನ್ನೂ ಹಿಡಿಯುವ ಸಿಆರ್‌ಸಿ-32 ಅಥವಾ ಎಸ್‌ಎಚ್‌ಎ-256 ಮೌಲ್ಯವನ್ನೂ ಕೇಳಿ ಪಡೆಯಿರಿ. ಐಸಿಯ ವರ್ತನೆಯನ್ನು ನಿರ್ಧರಿಸುವ ಕಾನ್ಫಿಗರೇಷನ್ ಬಿಟ್‌ಗಳನ್ನು ಪ್ರತ್ಯೇಕವಾಗಿ ಸರಿನೋಡಬೇಕು. ಎಸ್‌ಟಿಎಂ32 ಎಂಬ ಮೈಕ್ರೋಕಂಟ್ರೋಲರ್ ಕುಟುಂಬದ ಹಲವು ಐಸಿಗಳಲ್ಲಿ, ಒಳಗಿನ ತಂತ್ರಾಂಶವನ್ನು ಹೊರಗಿನವರು ಓದದಂತೆ ತಡೆಯುವ ರಕ್ಷಣೆಯನ್ನು 2ನೇ ಹಂತಕ್ಕೆ ಏರಿಸಿದರೆ ಅದನ್ನು ಮರಳಿ ಇಳಿಸಲಾಗದು. ಯಂತ್ರದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದಾಗ ಹಳೆಯ ಜಾಬುಗಳಲ್ಲೂ ಮೊದಲ ಐಸಿಯನ್ನು ಪರೀಕ್ಷಿಸಿ ಹೊಸದಾಗಿ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಅಂಕೋಲಾದಲ್ಲಿ ಗಾಳಿಮಳೆಗೆ ಕರೆಂಟು ಹೋಗುವುದು ಸಾಮಾನ್ಯ. ಟ್ರೇಯ ನಡುವೆ ಯಂತ್ರ ನಿಂತರೆ ಎಲ್ಲಿಂದ ಮುಂದುವರಿಸಬೇಕು?

ಉತ್ತರ: ತುಂಬಿದ ಐಸಿಗೂ ಖಾಲಿ ಐಸಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ, ಅದೇ ಇಲ್ಲಿನ ಕಷ್ಟ. ಆ ಕ್ಷಣ ಸಾಕೆಟ್ಟುಗಳಲ್ಲಿದ್ದ, ನಾಝಲಿನಿಂದ ಕೆಳಗೆ ಬಿದ್ದ ಐಸಿಗಳನ್ನೆಲ್ಲ ರಿಜೆಕ್ಟ್ ಎಂದೇ ಎಣಿಸಿ. ನಂತರ ಒಳ್ಳೆಯದು, ರಿಜೆಕ್ಟು, ಉಳಿದದ್ದು ಇವುಗಳ ಮೊತ್ತ ಒಳಗೆ ಕೊಟ್ಟದ್ದಕ್ಕೆ ಸರಿಹೊಂದುತ್ತದೆಯೇ ನೋಡಿ. ಒಂದು ಕಡಿಮೆ ಬಂದರೂ ಹುಡುಕಿ, ಏಕೆಂದರೆ ಅದು ಯಾವುದೋ ಸಾಕೆಟ್ಟಿನೊಳಗೇ ಉಳಿದಿದ್ದರೆ ಅದರ ಮೇಲೆ ಇನ್ನೊಂದು ಐಸಿ ಬಂದು ಕೂತು ಸಂಪರ್ಕಗಳು ಬಾಗುತ್ತವೆ. ಐಸಿಗಳಿಗೆ ಕ್ರಮಸಂಖ್ಯೆ ತುಂಬುತ್ತಿದ್ದರೆ ಜಾಬನ್ನು ಮತ್ತೆ ತೆರೆದಾಗ ಸಂಖ್ಯೆ ಮೊದಲಿನಿಂದ ಶುರುವಾಗಿಲ್ಲ ಎಂಬುದನ್ನು ಲಾಗ್ ನೋಡಿ ಖಚಿತಪಡಿಸಿಕೊಳ್ಳಿ. ಒಂದೇ ಸಂಖ್ಯೆಯ ಎರಡು ಉಪಕರಣಗಳು ಹೊರಗೆ ಹೋದರೆ ಆಮೇಲೆ ಬೇರ್ಪಡಿಸುವುದು ಬಹಳ ಕಷ್ಟ. ಯಂತ್ರಕ್ಕೂ ಅದರ ಕಂಪ್ಯೂಟರಿಗೂ ಯುಪಿಎಸ್ ಇದ್ದು ಕಂಪ್ರೆಸರಿಗೆ ಇಲ್ಲದಿದ್ದರೆ ಗಾಳಿಯ ಒತ್ತಡ ಇಳಿದು ನಾಝಲಿನ ಹಿಡಿತ ತಪ್ಪುತ್ತದೆ, ಆದ್ದರಿಂದ ಕರೆಂಟು ಹೋದ ಕೂಡಲೇ ಸಾಕೆಟ್ಟುಗಳಲ್ಲಿರುವುದನ್ನು ಮುಗಿಸಿ ನಿಲ್ಲುವಷ್ಟು ಗಾಳಿ ಟ್ಯಾಂಕಿನಲ್ಲಿರುವಂತೆ ನೋಡಿಕೊಳ್ಳಿ, ಮತ್ತು ಮಳೆಗಾಲದಲ್ಲಿ ಆ ಟ್ಯಾಂಕಿನ ತಳದ ನೀರನ್ನು ಪ್ರತಿದಿನ ಹೊರಗೆ ಬಿಡಿ.